ಹವಾಮಾನ ಯಾವ ಇಲಾಖೆಗೆ ಬರುತ್ತೆ?

ನಾಲ್ಕು ಊರಿನ ಅಧ್ಯಕ್ಷರನ್ನು ಒಂದು ಮೇಜಿನ ಸುತ್ತ ಕೂರಿಸಿದರೆ ಏನಾದರೊಂದು ನಡೆದೇ ನಡೆಯುತ್ತದೆ. ಏನೂ ನಡೆಯದೆ ಸಭೆ ಮುಗಿದು ಎಲ್ಲರೂ ಕಾಫಿ ಕುಡಿದು ಮನೆಗೆ ಹೋದದ್ದನ್ನು ನಾನಂತೂ ಕಂಡಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಹೊಳೆನರಸೀಪುರದ ಪುರಸಭೆಯಲ್ಲಿ ಮ್ಯಾನೇಜರ್. ಊರಾಚೆ ಹಾಸನದ ಕಡೆಗೆ ಹೋಗುವ ರಸ್ತೆಯನ್ನು ಅಗಲ ಮಾಡುತ್ತಾರಂತೆ, ಎರಡೂ ಬದಿಯ ಹುಣಸೆ ಸಾಲುಮರ ಕಡಿಯುತ್ತಾರಂತೆ ಎಂಬ ಸುದ್ದಿ ಬಂತು. ನಮ್ಮ ಅಧ್ಯಕ್ಷರು ನಿವೃತ್ತ ಡ್ರಿಲ್ ಮೇಷ್ಟ್ರು. ಆ ಹುಣಸೆ ಮರಗಳ ಕೆಳಗೆ ಎಷ್ಟೋ ವರ್ಷ ಹುಡುಗರನ್ನು ಓಡಿಸಿದವರು. ಸುದ್ದಿ ಕೇಳಿ ಅವರಿಗೆ ಊಟ ಸೇರಲಿಲ್ಲ.

“ನನ್ನ ಅವಧೀಲಿ ಆ ಮರ ಹೋಗ್ಬುಟ್ರೆ, ಬಿಸಿಲಲ್ಲಿ ನಡೆಯೋರೆಲ್ಲ ನನ್ನೇ ನೆನೆಸ್ಕೋತಾರೆ ಕಣ್ರೀ. ಯಾವ ಮಾತಲ್ಲಿ ನೆನೆಸ್ಕೋತಾರೆ ಅಂತ ನಿಮಗೂ ಗೊತ್ತು,” ಅಂದರು.

ಒಂದು ಊರು ಅರ್ಜಿ ಕೊಟ್ಟರೆ ಯಾರೂ ಓದುವುದಿಲ್ಲ, ಹಾಸನ, ಅರಕಲಗೂಡು, ಚನ್ನರಾಯಪಟ್ಟಣದವರನ್ನೂ ಸೇರಿಸಿಕೊಳ್ಳೋಣ ಎಂದಾಯಿತು. ಬರೀ ಮರ ಅಂದರೆ ವಿಷಯ ಸಣ್ಣದಾಗುತ್ತದೆ, ಹವಾಮಾನಕ್ಕೇ ಒಂದು ಗಟ್ಟಿ ನೀತಿ ಮಾಡಿ, ರಸ್ತೆಯಾಗಲಿ ಸೌದೆಯಾಗಲಿ ಕರೆಂಟಾಗಲಿ ಊರಿನವರನ್ನು ಕೇಳಿ ಮಾಡಿ ಎಂದು ಸರ್ಕಾರಕ್ಕೆ ಹೇಳೋಣ ಎಂದೂ ಆಯಿತು. ಇದಕ್ಕೆಲ್ಲ ಸಂಚಾಲಕ ಯಾರು? ಆ ದಿನ ನಾನು ರಜೆಯಲ್ಲಿದ್ದೆ. ಹಾಗಾಗಿ ನಾನೇ ಎಂದು ತೀರ್ಮಾನಿಸಿದ್ದರು.

೧. ಕಂಬಳಿ

ಮೊದಲು ನಮ್ಮ ಸದಸ್ಯರಿಗೆ ವಿಷಯ ತಿಳಿಯಲಿ ಎಂದು ಹಾಸನದ ಕಾಲೇಜಿನಿಂದ ಒಬ್ಬ ವಿಜ್ಞಾನದ ಮೇಷ್ಟ್ರನ್ನು ಕರೆಸಿದೆವು. ಒಳ್ಳೆಯ ಮನುಷ್ಯ. ಭೂಮಿ ಕಂಬಳಿ ಹೊದ್ದಿದೆ, ನಾವು ಬಿಡುವ ಹೊಗೆಯಿಂದ ಆ ಕಂಬಳಿ ವರ್ಷವರ್ಷಕ್ಕೂ ದಪ್ಪವಾಗುತ್ತಿದೆ ಎಂದು ಬಿಡಿಸಿ ಹೇಳಿದರು.

ಹಿಂದಿನ ಸಾಲಿನಿಂದ ಒಬ್ಬ ಸದಸ್ಯರು ಎದ್ದರು. “ಸಾ, ಕಂಬಳಿ ದಪ್ಪ ಆದ್ರೆ ಒಳ್ಳೇದೇ ಅಲ್ವಾ? ಧನುರ್ಮಾಸದಲ್ಲಿ ಹೊತ್ತಾರೆ ಏಳಾಕೇ ಆಗಕಿಲ್ಲ.”

“ಬೇಸಿಗೇಲೂ ಅದೇ ಕಂಬಳಿ ಹೊದ್ದಿರಬೇಕಲ್ಲ,” ಅಂದರು ಮೇಷ್ಟ್ರು.

“ಬೇಸಿಗೇಲಿ ಮಡಚಿ ಎತ್ತಿಡಾಕೆ ಆಗಕಿಲ್ವಾ?”

“ಆಗಲ್ಲ. ಅದೇ ತೊಂದರೆ.”

ಆಗ ಬಸ್ ಸ್ಟ್ಯಾಂಡ್ ಹತ್ತಿರ ಎಲೆಕ್ಟ್ರಿಕ್ ಅಂಗಡಿ ಇಟ್ಟಿದ್ದ ಸದಸ್ಯರೊಬ್ಬರು ಶುರು ಮಾಡಿದರು. ಬೇಸಿಗೆ ಉದ್ದ ಆಗುತ್ತಾ? ರಾತ್ರಿ ಹೊತ್ತೂ ಸೆಕೆ ಇರುತ್ತಾ? ಹಳ್ಳಿಗಳಲ್ಲೂ ಹೀಗೇನಾ? ಎಷ್ಟು ವರ್ಷ ಇರುತ್ತೆ? ಮೇಷ್ಟ್ರಿಗೆ ಬಹಳ ಖುಷಿಯಾಯಿತು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, “ವಿಷಯದ ಆಳ ಅರ್ಥ ಆಗಿರೋದು ಅವರೊಬ್ಬರಿಗೇ,” ಅಂದರು.

ಅರ್ಜಿ ಕೊಡುವ ನಿರ್ಣಯಕ್ಕೆ ಎಲ್ಲರೂ ಕೈ ಎತ್ತಿದರು, ಆ ಅಂಗಡಿಯವರೊಬ್ಬರು ಎತ್ತಲಿಲ್ಲ. ಅಧ್ಯಕ್ಷರು ಯಾಕೆ ಅಂತ ಕೇಳಿದರು.

“ನೀತಿ ಬರಲಿ, ನಾನ್ ಬ್ಯಾಡ ಅನ್ನಕಿಲ್ಲ. ಯುಗಾದಿಗೆ ಅಂತ ಒಂದ್ ಲೋಡ್ ಫ್ಯಾನ್ ತರ್ಸಿವ್ನಿ. ಅದೊಂದು ಖಾಲಿ ಆಗ್ಲಿ.”

೨. ಯಾರ ಬಿಸಿಲು ದೊಡ್ಡದು

ನಾಲ್ಕೂ ಊರಿನ ಮೊದಲ ಸಭೆ ಹಾಸನದಲ್ಲಿ. ಅರ್ಜಿಯಲ್ಲಿ ಯಾರ ಹೆಸರು ಮೊದಲು ಬರಬೇಕು ಎನ್ನುವುದೇ ಮೊದಲ ವಿಷಯವಾಯಿತು, ಹವಾಮಾನ ಆಮೇಲೆ. ನಾನು ಅಕಾರಾದಿಯಾಗಿ ಬರೆದುಕೊಂಡು ಹೋಗಿದ್ದೆ. ಅದರಂತೆ ಎಲ್ಲಕ್ಕಿಂತ ಚಿಕ್ಕ ಊರಾದ ಅರಕಲಗೂಡು ಮೊದಲು, ಜಿಲ್ಲಾಕೇಂದ್ರ ಹಾಸನ ಮೂರನೆಯದು, ನಾವು ಕೊನೆಗೆ.

ಹಾಸನದ ಅಧ್ಯಕ್ಷರು ವಕೀಲರು. “ಜನಸಂಖ್ಯೆ ಪ್ರಕಾರ ಹಾಕಿ,” ಅಂದರು.

ಚನ್ನರಾಯಪಟ್ಟಣದ ಅಧ್ಯಕ್ಷರು ತೆಂಗಿನಕಾಯಿ ವ್ಯಾಪಾರಿ. “ಎಲೆಕ್ಷನ್ನಾ ಇದು? ಬಿಸಿಲಿನ ಅರ್ಜಿ. ಬಿಸಿಲು ಯಾರಿಗೆ ಜಾಸ್ತಿಯೋ ಅವರದ್ದು ಮೊದ್ಲು ಬರ್ಲಿ.”

ಈ ಮಾತು ಎಲ್ಲರಿಗೂ ನ್ಯಾಯವಾಗಿ ಕಂಡಿತು. ನೋಡಿ, ಅಲ್ಲಿಂದ ನನಗೆ ಕುತೂಹಲ ತಡೆಯಲಾಗಲಿಲ್ಲ. ಬೇರೆ ದಿನಗಳಲ್ಲಿ ತಮ್ಮೂರಿನ ಗಾಳಿ, ನೀರು ಅಂತ ಹೊಗಳಿಕೊಂಡು ತಿರುಗುವವರು ಈಗ ಒಬ್ಬರ ಮೇಲೊಬ್ಬರು ಬಿದ್ದು ತಮ್ಮೂರನ್ನು ಬಯ್ಯತೊಡಗಿದರು.

“ನಮ್ಮೂರಲ್ಲಿ ಮಧ್ಯಾನ ನಾಯೀನೂ ಬೀದಿಗೆ ಇಳಿಯಾಕಿಲ್ಲ,” ಅಂದರು ಚನ್ನರಾಯಪಟ್ಟಣದವರು.

“ನಮ್ಮಲ್ಲಿ ಹೊಳೆ ದಡದಲ್ಲಿ ನಿಂತ್ರೂ ಬೆವರು,” ಅಂದರು ನಮ್ಮ ಡ್ರಿಲ್ ಮೇಷ್ಟ್ರು.

“ನಿಮಗೆಲ್ಲ ಮೊದಲಿಂದ ಇದ್ದ ಬಿಸಿಲು. ಕಳ್ಕೊಂಡೋರು ನಾವು. ಬಡವರ ಊಟಿ ಅಂತಿದ್ರು ನಮ್ಮ ಹಾಸನಾನ. ಏನುಳಿದಿದೆ ಈಗ? ಕೂತಲ್ಲಿ ಕೂರೋಕಾಗಲ್ಲ, ಬೆಂದು ಹೋಗ್ತಿದೀವಿ,” ಅಂತ ವಕೀಲರು ಕೋರ್ಟಿನ ಧ್ವನಿಯಲ್ಲಿ ಶುರು ಮಾಡಿ, ನಡುವೆ ಬಾಗಿಲ ಕಡೆ ತಿರುಗಿ, “ಯಾರಪ್ಪಾ ಅಲ್ಲಿ, ಆ ಕಿಟಕಿ ಸ್ವಲ್ಪ ಹಾಕು, ಚಳಿ ಆಗ್ತಿದೆ,” ಅಂದರು.

ಕಿಟಕಿ ಮುಚ್ಚಿತು. ಅಕಾರಾದಿಯೇ ಉಳಿಯಿತು.

೩. ಹೊಗೆ ಹೋಗುವ ದಿಕ್ಕು

ಹೆಸರು ಮೊದಲು ಬಂದರೂ ಅರಕಲಗೂಡಿನ ಅಧ್ಯಕ್ಷೆಗೆ ಸಂತೋಷವಾಗಲಿಲ್ಲ. ಹೊಲಿಗೆ ಹೇಳಿಕೊಡುತ್ತಿದ್ದ ಹೆಣ್ಣುಮಗಳು. ಮನೆಯವರು ಹೊಗೆಸೊಪ್ಪು ಬೆಳೆಯುವವರು. ಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ಮನೆ, ಅಂದರೆ ಬ್ಯಾರನ್ನಿಗೆ ಎಷ್ಟು ಸೌದೆ ಸುರಿದರೂ ಸಾಲದು ಎನ್ನುವುದು ಆ ಕಡೆಯವರಿಗೆಲ್ಲ ಗೊತ್ತು.

“ಸಾ, ಎಲ್ರೂ ಮರ ಉಳಿಸಿ ಅಂತ ಬರೀತಿದೀರಿ. ನಮ್ಮನೆ ಬ್ಯಾರನ್ನೇ ಮರ ತಿಂತದೆ. ಬರೀ ಸೌದೆ ಉರಿಸ್ಬ್ಯಾಡಿ ಅಂತ ಸೈನ್ ಹಾಕಿ ಮನೆಗೋದ್ರೆ ಊರೋರು ಬುಟ್ಟಾರು, ನಮ್ಮತ್ತೆ ಬುಡಾಕಿಲ್ಲ. ಸೌದೆ ಬದ್ಲು ಬ್ಯಾರೆ ಏನಾರ ಕೊಡಿ ಅಂತಾನೂ ಬರೀರಿ.”

ಅಷ್ಟು ಹೊತ್ತು ಬಿಸಿಲು ಹಂಚಿಕೊಳ್ಳುತ್ತಿದ್ದ ನಮಗೆಲ್ಲ ನಾಚಿಕೆಯಾಯಿತು. ಆ ಸಭೆಯಲ್ಲಿ ತಮ್ಮ ಮನೆಯ ಹೊಗೆಯ ಬಗ್ಗೆ ಮಾತಾಡಿದವರು ಅವರೊಬ್ಬರೇ. ಅವರು ಹೇಳಿದ ಸಾಲನ್ನು ಹಾಗೇ ಸೇರಿಸಿದೆ. ಸೇರಿಸಿದ ಪ್ರತಿಗೆ ಅವರ ಸಹಿ ಪಡೆಯಲು ನಾನೇ ಅವರ ಮನೆಗೆ ಹೋದೆ.

ಅತ್ತೆ ಬ್ಯಾರನ್ನಿನ ಮುಂದೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಯಾರು, ಯಾಕೆ ಬಂದೆ ಎಂದೆಲ್ಲ ವಿಚಾರಿಸಿಕೊಂಡು, “ಸೌದೆ ಬದ್ಲು ಸರ್ಕಾರ ಏನ್ ಕೊಟ್ಟಾದು?” ಎಂದು ಕೇಳಿದರು.

“ಇನ್ನೂ ಗೊತ್ತಿಲ್ಲ ಅಜ್ಜಿ. ಅದನ್ನ ಕೇಳೋಕೇ ಎಲ್ಲರೂ ಬೆಂಗಳೂರಿಗೆ ಹೋಗ್ತಿದೀವಿ.”

“ಈ ಹೊಗೆ ಯಾರ್ಗೆ ತೊಂದ್ರೆ ಅಂತೆ?”

“ಎಲ್ಲರಿಗೂ. ಹಾಸನದವರಿಗೆ ಆಗಲೇ ಸೆಕೆ ಜಾಸ್ತಿ ಆಗಿದೆಯಂತೆ.”

ಅಜ್ಜಿ ಎಲೆ ಅಡಿಕೆ ಉಗಿದು, ಬಹಳ ಉದಾರವಾಗಿ ಹೇಳಿದರು. “ಕೇಳ್ಕಂಡ್ ಬಾ ಓಗಪ್ಪ. ಅಲ್ಲೀಗಂಟ ಗಾಳಿ ನೋಡ್ಕಂಡು, ಹೊಗೆ ಪಿರಿಯಾಪಟ್ಣದ ಕಡೆ ಓಗೋ ಅಂಗೆ ಹಚ್ತೀವಿ.”

೪. ಮುಂದಿನ ಸೀಟು

ಹೊಗೆ ಕಡಿಮೆ ಮಾಡಿ ಅಂತ ಕೇಳುವವರು ನಾಲ್ಕು ಗಾಡಿಯಲ್ಲಿ ಹೋದರೆ ಚೆನ್ನಾಗಿರುವುದಿಲ್ಲ, ಒಂದೇ ಗಾಡಿಯಲ್ಲಿ ಹೋಗೋಣ ಎಂದು ನಾನೇ ಸೂಚಿಸಿದೆ. ಎಲ್ಲರೂ ಮೆಚ್ಚಿದರು. ಹೊರಡುವ ದಿನ ಬೆಳಿಗ್ಗೆ ಜೀಪಿನ ಮುಂದೆ ನಿಂತಾಗ ತೊಂದರೆ ಗೊತ್ತಾಯಿತು. ಮುಂದಿನ ಸೀಟು ಒಂದೇ.

“ನೀವ್ ಕೂತ್ಕೊಳಿ.” “ಛೆ ಛೆ, ನೀವ್ ಕೂತ್ಕೊಳಿ.” ಹೀಗೆ ಎಲ್ಲರೂ ಎಲ್ಲರಿಗೂ ಬಿಟ್ಟುಕೊಟ್ಟರು, ಯಾರಾದರೂ ಹತ್ತಲು ಕಾಲೆತ್ತಿದರೆ ಮಾತ್ರ ಉಳಿದವರ ಮುಖ ಗಂಟಾಗುತ್ತಿತ್ತು. ಕೊನೆಗೆ ಯಾರಿಗೂ ಬೇಡ ಎಂದು ನಾಲ್ವರೂ ಹಿಂದೆ ಒತ್ತಿಕೊಂಡು ಕೂತರು. ಮುಂದೆ ಡ್ರೈವರ್ ಪಕ್ಕದಲ್ಲಿ ಕಾಲು ಚಾಚಿಕೊಂಡು ನಾನು. ಹಿರೀಸಾವೆಯಲ್ಲಿ ತಿಂಡಿಗೆ ಇಳಿದಾಗಲೂ ಹೋಟೆಲಿನವನು ಮೊದಲ ಇಡ್ಲಿ ನನ್ನ ಮುಂದೆಯೇ ಇಟ್ಟ. ಹಿಂದಿನವರು ಆಗಲೇ ಕುತ್ತಿಗೆ ನೋವು ಅನ್ನುತ್ತಿದ್ದರೂ ಸೀಟಿನ ವಿಷಯ ಯಾರೂ ಎತ್ತಲಿಲ್ಲ.

ಬೆಂಗಳೂರಿನ ಸರ್ಕಾರಿ ಕಚೇರಿ ಗೇಟಿನಲ್ಲಿ ಪೊಲೀಸಿನವನು ಬಗ್ಗಿ ನೋಡಿ ನನಗೊಂದು ಸೆಲ್ಯೂಟ್ ಹೊಡೆದ. ಆಮೇಲೆ ಡ್ರೈವರನ್ನು ಕೇಳಿದ. “ಹಿಂದೆ ಇರೋರು ಯಾರು?”

“ಅಧ್ಯಕ್ಷರು.”

“ಯಾರು, ಆ ಕಿಟಕಿ ಕಡೆಯೋರಾ?”

“ಎಲ್ರೂನೂ.”

ಅವನು ಹಿಂದಿನ ಸೀಟನ್ನು ಇನ್ನೊಂದು ಸಲ ನೋಡಿ, ಟೋಪಿ ಸರಿ ಮಾಡಿಕೊಂಡು, ನನ್ನನ್ನೇ ಮೆಲ್ಲಗೆ ಕೇಳಿದ. “ಹಂಗಾದ್ರೆ ತಾವು ಮಂತ್ರಿಗಳಾ ಸಾರ್?”

೫. ಸೂಕ್ತ ಕ್ರಮ

ಒಳಗೆ ಹೋದ ಮೇಲೆ ಹವಾಮಾನ ಯಾವ ಇಲಾಖೆಗೆ ಬರುತ್ತೆ ಎನ್ನುವುದು ಯಾರಿಗೂ ಗೊತ್ತಿಲ್ಲ ಎಂದು ತಿಳಿಯಿತು. ಒಂದು ಕಡೆ, “ಮರ ಅಂತ ಇದೆ, ಅರಣ್ಯದವರನ್ನ ಕೇಳಿ,” ಅಂದರು. ಅಲ್ಲಿ, “ಕಾಡಿನ ಮರ ಆದರೆ ನಮ್ಮದು, ರಸ್ತೆ ಮರ ರಸ್ತೆಯವರದ್ದು,” ಅಂದರು. ರಸ್ತೆಯವರು, “ಹೊಗೆಸೊಪ್ಪು ಅಂತ ಇದೆಯಲ್ಲ, ಕೃಷಿಗೆ ಹೋಗಿ,” ಅಂದರು. ಕೃಷಿಯವರು, “ಹವಾಮಾನ ಅಂದರೆ ಮಳೆ ಬರುತ್ತೆ ಅಂತ ರೇಡಿಯೋದಲ್ಲಿ ಹೇಳ್ತಾರಲ್ಲ, ಅದು ಕೇಂದ್ರದವರದ್ದು,” ಅಂದರು.

ಕೊನೆಗೆ ಒಬ್ಬ ಹಿರಿಯ ಅಧಿಕಾರಿ ಕೂರಿಸಿ ಮಾತಾಡಿಸಿದರು. ಅವರಿಗೂ ನಮ್ಮನ್ನು ಕಂಡು ಕುತೂಹಲ.

“ನಾಲ್ಕು ಊರಿನವರು ಒಟ್ಟಿಗೆ ಬಂದಿದ್ದೀರಿ. ನೀರಿನ ಜಗಳವಾ?”

“ಅಲ್ಲ ಸಾರ್.”

“ಗಡಿ ತಕರಾರಾ?”

“ಅದೂ ಅಲ್ಲ.”

“ಮತ್ತೆ ಜಗಳ ಏನು?”

“ಜಗಳ ಇಲ್ಲ ಸಾರ್. ಒಪ್ಕೊಂಡೇ ಬಂದಿದೀವಿ,” ಅಂದರು ನಮ್ಮ ಅಧ್ಯಕ್ಷರು. ಅಧಿಕಾರಿಗೆ ಇಂಥದ್ದು ಅಭ್ಯಾಸವಿರಲಿಲ್ಲ. ಅರ್ಜಿಯ ಮೇಲೆ ಏನೋ ಬರೆದು, ನೋಡೋಣ ಎಂದು ಕಳಿಸಿದರು.

ತಿಂಗಳುಗಳು ಕಳೆದವು. ಒಂದು ದಿನ ಟಪ್ಪಾಲಿನಲ್ಲಿ ನಮ್ಮದೇ ಅರ್ಜಿ ಬಂತು. ಬೆಂಗಳೂರಿನಿಂದ ಜಿಲ್ಲೆಗೆ ಇಳಿದು, ಜಿಲ್ಲೆಯಿಂದ ನಾಲ್ಕೂ ಊರಿಗೆ ಬಂದಿತ್ತು. ಅರ್ಜಿಯಲ್ಲಿರುವ ವಿಷಯ ನಿಮ್ಮ ವ್ಯಾಪ್ತಿಗೆ ಬರುವುದರಿಂದ ತಾವೇ ಪರಿಶೀಲಿಸಿ, ಸೂಕ್ತ ಕ್ರಮ ಕೈಗೊಂಡು, ಅರ್ಜಿದಾರರಿಗೆ ಹಿಂಬರಹ ಕೊಡಿ ಎಂದು ಅದರ ಮೇಲಿನ ಪತ್ರ.

“ಅರ್ಜಿದಾರರು ಯಾರು?” ಅಂದರು ಅಧ್ಯಕ್ಷರು.

“ನಾವೇ ಸಾರ್.”

“ಕ್ರಮ ಕೈಗೊಳ್ಳೋರು?”

“ಅದೂ ನಾವೇ.”

ಅವರು ಪತ್ರವನ್ನು ಇನ್ನೊಮ್ಮೆ ಓದಿ ಮೇಜಿನ ಮೇಲಿಟ್ಟರು. ಅಷ್ಟು ಜನರನ್ನು ಸೇರಿಸಿ, ಕುತ್ತಿಗೆ ನೋಯಿಸಿಕೊಂಡು ಹೋಗಿ ಬಂದದ್ದು ಇಷ್ಟಕ್ಕೇನಾ ಎಂದು ನನಗೂ ಸಂಕಟವಾಯಿತು. ಆದರೂ ನಿಯಮ ನಿಯಮವೇ. ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ ಎಂದು ಟೈಪ್ ಮಾಡಿಸಿ, ನಾನೇ ಸಹಿ ಹಾಕಿ, ನಾನೇ ಸ್ವೀಕರಿಸಿದೆ.

ಆ ವಾರವೇ ರಸ್ತೆ ಕೆಲಸದ ಎಂಜಿನಿಯರ್ ಗರಗಸದವರನ್ನು ಕರೆದುಕೊಂಡು ಬಂದರು ಎಂದು ಸುದ್ದಿ ಬಂತು. ಅಧ್ಯಕ್ಷರು ಮೇಜಿನ ಮೇಲಿದ್ದ ಆ ಪತ್ರ ಎತ್ತಿಕೊಂಡು ಹೊರಟರು. ಡ್ರಿಲ್ ಮೇಷ್ಟ್ರು, ಅವರ ಹಿಂದೆ ಓಡಿ ನನಗೆ ಏದುಸಿರು. ಮೊದಲ ಹುಣಸೆ ಮರಕ್ಕೆ ಬೆನ್ನು ಕೊಟ್ಟು ನಿಂತು ಪತ್ರ ಮುಂದೆ ಹಿಡಿದರು.

ಎಂಜಿನಿಯರ್ ಪೂರ್ತಿ ಓದಿದರು. “ಇದರಲ್ಲಿ ಮರ ಕಡೀಬೇಡಿ ಅಂತ ಎಲ್ಲಿದೆ ಸಾರ್?”

“ಸೂಕ್ತ ಕ್ರಮ ಕೈಗೊಳ್ಳಿ ಅಂತ ಐತಲ್ಲ. ನಮ್ಮ ವ್ಯಾಪ್ತಿ ಅಂತಾನೂ ಐತೆ. ಯಾವ್ದು ಸೂಕ್ತ ಅಂತ ನೋಡೋಕೆ ನಮಗೇ ಹೇಳವ್ರೆ. ನಾನ್ ನೋಡಿವ್ನಿ. ನಾನಿಲ್ಲಿ ನಿಂತಿರೋದೇ ಸೂಕ್ತ.”

ಎಂಜಿನಿಯರ್ ಪತ್ರವನ್ನು ತಿರುಗಿಸಿ ನೋಡಿದರು. ಬೆಂಗಳೂರಿನ ಸೀಲು, ಜಿಲ್ಲೆಯ ಸೀಲು, ಎಲ್ಲ ಸರಿಯಾಗಿತ್ತು. “ನಾನು ಮೇಲಿನವರ ಹತ್ತಿರ ಸ್ಪಷ್ಟೀಕರಣ ಕೇಳಬೇಕಾಗುತ್ತೆ,” ಅಂದರು.

“ಧಾರಾಳವಾಗಿ ಕೇಳಿ.”

ಅವರು ಗರಗಸದವರನ್ನು ಕೂರಲು ಹೇಳಿ, ಜೀಪಿನ ಕಡೆ ಎರಡು ಹೆಜ್ಜೆ ಇಟ್ಟು, ತಿರುಗಿ ಬಂದು ನನ್ನನ್ನು ಕೇಳಿದರು. “ಹವಾಮಾನ ಯಾವ ಇಲಾಖೆಗೆ ಬರುತ್ತೆ ಸಾರ್?”

ಆ ಪ್ರಶ್ನೆಗೆ ಇಡೀ ಜಿಲ್ಲೆಯಲ್ಲಿ ನನ್ನಷ್ಟು ಅನುಭವ ಇದ್ದವರು ಬೇರೆ ಯಾರಿದ್ದರು? ಮೊದಲು ಅರಣ್ಯ, ಅಲ್ಲಿಂದ ರಸ್ತೆ, ಅಲ್ಲಿಂದ ಕೃಷಿ, ಆಮೇಲೆ ಕೇಂದ್ರ ಎಂದು ನಿಧಾನವಾಗಿ, ಒಂದನ್ನೂ ಬಿಡದೆ ಹೇಳಿದೆ. ಪಾಪ, ಎಲ್ಲ ಬರೆದುಕೊಂಡು ಹೋದರು.

ಹವಾಮಾನದ ನೀತಿ ಬರಲಿಲ್ಲ. ಅದಕ್ಕೆ ನನಗೆ ಬೇಜಾರಿದೆ, ಅರಕಲಗೂಡಿನ ಅಜ್ಜಿಗೆ ಉತ್ತರ ಹೇಳುವುದು ಹಾಗೇ ಉಳಿಯಿತು. ಆದರೆ ಸ್ಪಷ್ಟೀಕರಣವೂ ಬರಲಿಲ್ಲ. ನಾನು ನಿವೃತ್ತನಾದ ಮೇಲೂ ಅಧ್ಯಕ್ಷರು, ಈಗ ಮಾಜಿ, ಸಂಜೆ ಅದೇ ಹುಣಸೆ ಮರದ ಕೆಳಗೆ ಸಿಗುತ್ತಾರೆ. ಸಿಕ್ಕಾಗಲೆಲ್ಲ ಆಫೀಸಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ.

“ಸರ್ಕಾರದಿಂದ ಏನಾರ ಉತ್ತರ ಬಂತಂತಾ?”

“ಇನ್ನೂ ಇಲ್ಲ ಸಾರ್.”

“ಸದ್ಯ,” ಅಂತ ಉಸಿರು ಬಿಟ್ಟು ನೆರಳಿಗೆ ಸರಿದು ಕೂರುತ್ತಾರೆ.