ಮನೆ ಮಾರುವಾಗ ಯಜಮಾನರನ್ನು ಎಲ್ಲಿಡಬೇಕು?

ಮನೆ ಮಾರುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಶುದ್ಧ ಸುಳ್ಳು. ಮಾರುವುದು ಸುಲಭ, ಅದನ್ನು ಮಾರಿಕೊಡುವ ಬ್ರೋಕರನ್ನು ಆರಿಸುವುದೇ ಕಷ್ಟ. ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. (ನನ್ನ ಹೆಂಡತಿಯನ್ನು ಕೇಳಿದರೆ ಕಷ್ಟ ಯಾವುದಾಗಿತ್ತು, ಯಾರಾಗಿದ್ದರು ಎಂಬುದಕ್ಕೆ ಬೇರೆಯೇ ಉತ್ತರ ಕೊಟ್ಟಾಳು. ಅವಳದನ್ನು ಅವಳೇ ಬರೆದುಕೊಳ್ಳಲಿ.)

ನಮ್ಮದು ಮೂರನೆಯ ಮಹಡಿ. ಲಿಫ್ಟ್ ಇಲ್ಲ. ಐವತ್ನಾಲ್ಕು ಮೆಟ್ಟಿಲು. ಇಪ್ಪತ್ತೆರಡು ವರ್ಷ ಆ ಮೆಟ್ಟಿಲುಗಳನ್ನು ಅವಳು ತರಕಾರಿ ಚೀಲ ಹೊತ್ತು, ಮಗಳನ್ನು ಹೊತ್ತು, ಒಮ್ಮೆಯಂತೂ ಹೊಲಿಗೆ ಯಂತ್ರವನ್ನೇ ಹೊತ್ತು ಹತ್ತಿದ್ದಳು. ಈಗ ಅವಳ ಮಂಡಿಗಳು ಒಗ್ಗಟ್ಟಿನಿಂದ ಮುಷ್ಕರ ಹೂಡಿದ್ದವು. ಹಿಂದಿನ ಬೀದಿಯಲ್ಲಿ ಒಂದು ನೆಲಮಹಡಿಯ ಮನೆ ಅವಳ ಕಣ್ಣಿಗೆ ಬಿದ್ದಿತ್ತು. ಮುಂದೆ ಎರಡೇ ಮೆಟ್ಟಿಲು, ಹಿಂದೆ ಬಟ್ಟೆ ಒಣಗಿಸಲು ಜಾಗ. ಆ ಮನೆಯವರು ಎರಡು ತಿಂಗಳು ಕಾಯುತ್ತೇವೆ, ಅಷ್ಟರೊಳಗೆ ನಿಮ್ಮದು ಮಾರಾಟವಾಗದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತೇವೆ ಎಂದಿದ್ದರು. ಹೆಂಡತಿ ಸಂಜೆ ಹೊತ್ತು ಸುಮ್ಮನೆ ಆ ಬೀದಿಗೆ ಹೋಗಿ, ಆ ಎರಡು ಮೆಟ್ಟಿಲುಗಳನ್ನು ನೋಡಿಕೊಂಡು ಬರುತ್ತಿದ್ದಳು.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದು ನಿವೃತ್ತನಾದವನು. ಅಂಗಡಿಯ ತಕ್ಕಡಿ ಕೂದಲೆಳೆಯಷ್ಟು ವಾಲಿದರೂ ನನಗೆ ರಸ್ತೆಯಿಂದಲೇ ಗೊತ್ತಾಗುತ್ತಿತ್ತು. ಇಂಥವನಿಗೆ ಒಬ್ಬ ಬ್ರೋಕರನ್ನು ತೂಗಿ ನೋಡುವುದು ಯಾವ ಮಹಾ ಕೆಲಸ? ಕೂತು ಇಪ್ಪತ್ತೈದು ಪ್ರಶ್ನೆಗಳ ಪತ್ರಿಕೆಯೊಂದನ್ನು ಸಿದ್ಧಪಡಿಸಿದೆ. ಹೆಂಡತಿ ಅದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು.

"ರೀ, ನಾವು ಬ್ರೋಕರನ್ನ ಹುಡುಕ್ತಿದೀವೋ, ಮಗಳಿಗೆ ಇನ್ನೊಂದ್ಸಲ ಗಂಡು ನೋಡ್ತಿದೀವೋ?"

ಮೊದಲು ಬಂದವನು ಮನೆಯೊಳಗೂ ಕಪ್ಪು ಕನ್ನಡಕ ತೆಗೆಯದ ಮಹಾಶಯ. ಬಾಗಿಲಲ್ಲೇ ನಿಂತು, ಒಳಗೊಮ್ಮೆ ಇಣುಕಿ, ಸಾವಿರ ಚದರಡಿ ಎಂದು ತೀರ್ಪು ಕೊಟ್ಟ. ನಮ್ಮ ಚಪ್ಪಲಿ ಬಿಡುವ ಓಣಿಯನ್ನು ಗ್ಯಾಲರಿ ಎಂದ. ನಾನು ಟೇಪು ತಂದು ಒಂದು ತುದಿಯನ್ನು ಅವನ ಕೈಗೆ ಕೊಟ್ಟೆ. ಕೋಣೆ ಕೋಣೆಯನ್ನೂ ಅಳೆದು ಕೂಡಿಸಿದಾಗ ಎಂಟುನೂರ ಹನ್ನೆರಡು ಬಂತು. ಗೋಡೆಯ ದಪ್ಪವನ್ನೂ ಅಳೆಯೋಣವೆಂದು ನಾನು ತಿರುಗುವಷ್ಟರಲ್ಲಿ ಟೇಪಿನ ತುದಿ ನೆಲದ ಮೇಲಿತ್ತು, ಕಪ್ಪು ಕನ್ನಡಕ ಮೆಟ್ಟಿಲಿಳಿಯುತ್ತಿತ್ತು.

ಎರಡನೆಯವನು ಚುರುಕಿನ ಹುಡುಗ. ಮಂಡಿಯೂರಿ, ಮಲಗಿ, ಕುರ್ಚಿ ಹತ್ತಿ ಮೊಬೈಲಿನಲ್ಲಿ ಫೋಟೊ ತೆಗೆದ. ಫೋಟೊದಲ್ಲಿ ನಮ್ಮ ನಡುಮನೆ ಮದುವೆ ಛತ್ರದಷ್ಟಿತ್ತು. ಮೂರು ಸಂಸಾರಗಳು ನೋಡಲು ಬಂದವು. ಬಂದವರಿಗೆ ಇದ್ದದ್ದನ್ನು ಇದ್ದಂತೆ ತಿಳಿಸುವುದು ನನ್ನ ಧರ್ಮ. ಬಚ್ಚಲಿನ ನೀರು ಮೋರಿಯ ಕಡೆಗಲ್ಲ, ಬಾಗಿಲ ಕಡೆಗೆ ಹರಿಯುತ್ತದೆ ಎಂದೆ. ಅಡಿಗೆಮನೆಯ ನಲ್ಲಿಯನ್ನು ಎಲ್ಲರಂತೆ ಬಲಕ್ಕೆ ತಿರುಗಿಸಿದರೆ ನಿಲ್ಲುವುದಿಲ್ಲ, ಎಡಕ್ಕೆ ತಿರುಗಿಸಬೇಕು ಎಂದೆ. ಮಳೆಗಾಲದಲ್ಲಿ ಬಾಲ್ಕನಿಯ ಬಾಗಿಲನ್ನು ಸ್ವಲ್ಪ ಎತ್ತಿ ಸೊಂಟದಿಂದ ಗುದ್ದಬೇಕೆಂದು ಹೇಳಿ, ಗುದ್ದಿಯೂ ತೋರಿಸಿದೆ. ಹೀಗೆ ಒಟ್ಟು ಹನ್ನೊಂದು ದೋಷಗಳು. ಮೂರೂ ಸಂಸಾರಗಳು ಯೋಚಿಸಿ ಹೇಳುತ್ತೇವೆಂದು ಕಾಲಿಗೆ ಬುದ್ಧಿ ಹೇಳಿದವು. ನಾಲ್ಕನೆಯ ವಾರ ಹುಡುಗನೂ ನನ್ನ ಹೆಂಡತಿಗೆ ಕೈಮುಗಿದು, ಮನೆ ಮಾರಬಹುದು ಆಂಟಿ, ಅಂಕಲ್ ಸಮೇತ ಮಾರೋದು ನನ್ನ ಕೈಲಾಗಲ್ಲ ಎಂದು ಹೇಳಿ ಹೋದ.

ಅಲ್ಲಿಗೆ ಒಂದು ತಿಂಗಳು ನೀರಿನಲ್ಲಿ ಹೋಮವಾಗಿತ್ತು. ಆ ದಿನ ಹಾಲು ತರಲು ಹೋದ ಹೆಂಡತಿ ವಾಪಸು ಹತ್ತುವಾಗ ನನಗೆ ಕೇಳಿಸುವಂತೆ ಮೆಟ್ಟಿಲು ಎಣಿಸುತ್ತಾ ಬಂದಳು. ನಲವತ್ತರ ಹತ್ತಿರ ಎಣಿಕೆ ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು.

"ಕೇಳದೇ ಇದ್ದದ್ದನ್ನೆಲ್ಲ ಯಾಕ್ರೀ ಹೇಳ್ತೀರಿ?" ಎಂದಳು ಕೊನೆಗೆ.

"ನಾಳೆ ಅವರಿಗೇ ಗೊತ್ತಾದ್ರೆ?"

"ಗೊತ್ತಾಗ್ಲಿ. ನಮಗೆ ಗೊತ್ತಾಗಿ ಇಪ್ಪತ್ತೆರಡು ವರ್ಷ ಬದುಕಿಲ್ವಾ?"

ಮೂರನೆಯವಳಾಗಿ ಬಂದವಳು ಸೊಂಟಕ್ಕೆ ದೊಡ್ಡ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡಿದ್ದ ಬ್ರೋಕರಮ್ಮ. ಎಂಥ ಹೆಂಗಸು ಎನ್ನುತ್ತೀರಿ! ನನ್ನ ಇಪ್ಪತ್ತೈದು ಪ್ರಶ್ನೆಗಳಿಗೂ ತಾಳ್ಮೆಯಿಂದ ಉತ್ತರ ಕೊಟ್ಟಳು. ಹನ್ನೊಂದು ದೋಷಗಳನ್ನೂ ನಂಬರು ಹಾಕಿ ಬರೆದುಕೊಂಡಳು. ಬರೆದು ಮುಗಿಸಿ, ಇನ್ನೇನಾದರೂ ಇದೆಯಾ ಸರ್ ಎಂದು ವಿನಯದಿಂದ ಕೇಳಿದಳು. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನೂರಕ್ಕೆ ನೂರು ಅಂಕ ಕೊಟ್ಟು ಅಲ್ಲೇ ನೇಮಿಸಿಕೊಂಡೆ. ಅವಳನ್ನು ಬೀಳ್ಕೊಡಲು ನನ್ನ ಹೆಂಡತಿ ಕೆಳಗಿನವರೆಗೂ ಹೋದಳು. ಮಂಡಿನೋವಿನವಳು ಐವತ್ನಾಲ್ಕು ಮೆಟ್ಟಿಲು ಇಳಿದು ಹೋಗಿ ಅರ್ಧ ಗಂಟೆ ಏನು ಮಾತಾಡಿದಳೆಂದು ನಾನು ಯೋಚಿಸಬೇಕಾಗಿತ್ತು. ಸೌಜನ್ಯ ಎಂದುಕೊಂಡೆ.

ಮರುದಿನ ಬ್ರೋಕರಮ್ಮನ ಫೋನು ಬಂತು. ನಿಮ್ಮಂಥ ಅನುಭವಸ್ಥರು ಸಿಗುವುದು ಅಪರೂಪ ಸರ್, ಒಂದು ಜವಾಬ್ದಾರಿ ವಹಿಸಲೇ ಎಂದಳು. ನಾನು ಉಬ್ಬಿಹೋದೆ. ಊರಿನ ಆ ತುದಿಯಲ್ಲಿ ಒಂದು ಖಾಲಿ ಮನೆಯಿದೆಯಂತೆ. ಬುಧವಾರ, ಶನಿವಾರ ನಾಲ್ಕರಿಂದ ಆರರವರೆಗೆ ಅಲ್ಲಿಗೆ ಹೋಗಿ, ಕಿಟಕಿ ಬಾಗಿಲು ತೆರೆದು, ಅಂಗುಲ ಅಂಗುಲವನ್ನೂ ಪರೀಕ್ಷಿಸಿ ವರದಿ ಬರೆಯಬೇಕು. ಅದರೊಡನೆ ಹೋಲಿಸಿ ನಮ್ಮ ಮನೆಯ ಬೆಲೆ ನಿಗದಿ ಮಾಡುತ್ತಾಳಂತೆ. ಹೆಂಡತಿ ಎಂದೂ ಇಲ್ಲದ ಉತ್ಸಾಹದಿಂದ ಫ್ಲಾಸ್ಕಿಗೆ ಚಹಾ ತುಂಬಿಸಿಕೊಟ್ಟಳು.

ಅಲ್ಲಿ ಹೋಗಿ ನೋಡಿದರೆ, ಕೈಯಲ್ಲಿ ಟಾರ್ಚು, ಪುಟ್ಟ ಸುತ್ತಿಗೆ ಹಿಡಿದ ಇನ್ನೊಬ್ಬರು ಆಗಲೇ ಗೋಡೆಗೆ ಕಿವಿಯಿಟ್ಟು ಕುಟ್ಟುತ್ತಿದ್ದರು. ರೈಲು ಹಳಿಗಳನ್ನು ತಪಾಸಣೆ ಮಾಡಿ ನಿವೃತ್ತರಾದವರು. ಅವರಿಗೊಂದು ಮನೆ ಬೇಕಿತ್ತಂತೆ. ಯಾವ ಮನೆ ತೋರಿಸಿದರೂ ಅವರು ಸುತ್ತಿಗೆಯಲ್ಲಿ ಕುಟ್ಟಿ ಬೇಡ ಅನ್ನುತ್ತಿದ್ದರಂತೆ. ಮೊದಲು ಇದನ್ನು ಅಧ್ಯಯನ ಮಾಡಿ ಸರ್, ಆಮೇಲೆ ಮುಂದಿನ ಮಾತು ಎಂದು ಬ್ರೋಕರಮ್ಮನೇ ಕಳಿಸಿದ್ದಳು. ನಮಗೆ ಮೊದಲ ದಿನವೇ ಸ್ನೇಹ ಬೆಳೆಯಿತು. ನಾನು ಅಳೆದೆ, ಅವರು ಕುಟ್ಟಿದರು, ಚಹಾ ಹಂಚಿಕೊಂಡು ಕುಡಿದೆವು. ಮನೆಯಲ್ಲಿ ಎಂಥೆಂಥ ದೋಷಗಳಿರಬಹುದು ಎಂಬುದಕ್ಕೆ ಉದಾಹರಣೆಯಾಗಿ ನಮ್ಮ ಹನ್ನೊಂದನ್ನೂ ಕಂತು ಕಂತಾಗಿ ಹೇಳಿದೆ. ಅಂಥ ಮನೆಯನ್ನು ಕೊಳ್ಳುವ ಪೆದ್ದ ಇನ್ನೂ ಹುಟ್ಟಿಲ್ಲ ಬಿಡಿ ಎಂದು ಅವರು ನಕ್ಕರು. ಮನೆ ವ್ಯವಹಾರವನ್ನು ಹೆಂಡತಿಯರಿಗೆ ಬಿಟ್ಟು ತಿರುಗುವ ಗಂಡಸರ ಬಗ್ಗೆಯೂ ಇಬ್ಬರೂ ಸಾಕಷ್ಟು ಮರುಗಿದೆವು. ಅಷ್ಟು ಸಂತೋಷದ ಸಂಜೆಗಳನ್ನು ನಾನು ಕೆಲಸದಲ್ಲಿದ್ದಾಗಲೂ ಕಂಡಿರಲಿಲ್ಲ.

ಏಳನೆಯ ವಾರ ಹೆಂಡತಿ ಬಟ್ಟೆ ಮಡಿಸುತ್ತಾ, ಮನೆ ಮಾರಾಟವಾಯಿತು, ಸೋಮವಾರ ರಿಜಿಸ್ಟ್ರೇಷನ್ನು ಎಂದಳು. ನಾನು ದಂಗಾದೆ. ಕೊಳ್ಳುವವರು ಒಬ್ಬ ಟೀಚರಮ್ಮನಂತೆ. ನಾಲ್ಕು ಸಲ ಬಂದು ನೋಡಿದ್ದಾರಂತೆ. ಗಾಳಿ ಬೆಳಕು ಬಹಳ ಹಿಡಿಸಿತಂತೆ. ಅವರ ಯಜಮಾನರಿಗೆ ಯಾವುದೋ ಜವಾಬ್ದಾರಿ ಕೆಲಸವಂತೆ, ಬರಲು ಪುರುಸೊತ್ತಾಗಲಿಲ್ಲವಂತೆ. ನೋಡದ ಮನೆಗೆ ಸಹಿ ಹಾಕುವ ಆ ಗಂಡಸಿನ ಬಗ್ಗೆ ನಾನು ಜೋರಾಗಿ ನಕ್ಕೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ ಇನ್ನೊಂದು ಬೆಡ್‌ಶೀಟು ಮಡಿಸಿದಳು.

ಸೋಮವಾರ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ನನ್ನ ಸುತ್ತಿಗೆ ಮಿತ್ರರು ಕೂತಿದ್ದರು. ಓಡಿ ಹೋಗಿ ಕೈಕುಲುಕಿದೆ. ಮನೆ ಮಾರಲು ಬಂದೆ ಎಂದೆ. ಕೊಳ್ಳಲು ಬಂದೆ ಎಂದರು. ಕುಲುಕುತ್ತಿದ್ದ ಕೈಗಳು ನಿಧಾನವಾಗಿ ನಿಂತವು. ಅವರು ಜೇಬಿನಿಂದ ಕಾಗದ ತೆಗೆದು ವಿಳಾಸ ಓದಿದರು. ನನ್ನ ಮುಖ ನೋಡಿದರು.

"ಎಡಕ್ಕೆ ತಿರುಗಿಸೋ ನಲ್ಲಿ?" ಎಂದರು ಮೆಲ್ಲಗೆ.

ಜೀವಮಾನದಲ್ಲಿ ಮೊದಲ ಸಲ ನನಗೆ ಸುಳ್ಳು ಹೇಳಬೇಕೆನಿಸಿತು. ಪಕ್ಕದಲ್ಲಿ ಹೆಂಡತಿ ಮಂಡಿ ಒತ್ತಿಕೊಳ್ಳುತ್ತಾ ನಿಂತಿದ್ದಳು. ಹಿಂದಿನ ಬೀದಿಯ ಆ ಎರಡು ಮೆಟ್ಟಿಲುಗಳನ್ನು ನಾನೇ ನನ್ನ ಕೈಯಾರೆ, ಅಲ್ಲ, ಬಾಯಾರೆ ಕಿತ್ತು ಹಾಕಿದ್ದೆ. ಆದರೂ ಮೂವತ್ತೊಂದು ವರ್ಷದ ಅಭ್ಯಾಸ, ಬಾಯಿ ತಾನಾಗಿ ಹೌದೆಂದಿತು.

ಅಷ್ಟರಲ್ಲಿ ಅವರ ಹೆಂಡತಿ ಟೀಚರಮ್ಮ ಎದ್ದು ಬಂದರು.

"ಯಾಕ್ರೀ ಹಾಗೆ ನಿಂತ್ರಿ? ಬಚ್ಚಲು ನೀರು ಬಾಗಿಲ ಕಡೆ ಬರುತ್ತೆ, ಬಾಲ್ಕನಿ ಬಾಗಿಲಿಗೆ ಸೊಂಟದಿಂದ ಗುದ್ದಬೇಕು, ಅಷ್ಟೇ ತಾನೆ? ವಾರಕ್ಕೆರಡು ಸಲ ಊಟಕ್ಕೆ ಕೂತಾಗ ನೀವೇ ಹೇಳ್ತಿದ್ರಲ್ಲ."

ನಡೆದದ್ದು ಇಷ್ಟು. ಟೀಚರಮ್ಮ ಎರಡನೆಯ ಸಲ ನಮ್ಮ ಮನೆಗೆ ಬಂದಾಗ, ಕೈತೊಳೆದು, ಯಾರೂ ಹೇಳದೆಯೇ ನಲ್ಲಿಯನ್ನು ಎಡಕ್ಕೆ ತಿರುಗಿಸಿ ನಿಲ್ಲಿಸಿದ್ದರಂತೆ. ನನ್ನ ಹೆಂಡತಿ ಬೆಚ್ಚಿ, ನಿಮಗೆ ಹೇಗೆ ಗೊತ್ತು ಎಂದಳಂತೆ. ಆಮೇಲೆ ಇಬ್ಬರೂ ಒಂದೊಂದೇ ಸುಳಿವು ಕೂಡಿಸಿ, ಹೊಟ್ಟೆ ಹಿಡಿದುಕೊಂಡು ನಗುತ್ತಾ ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟರಂತೆ. ಹನ್ನೆರಡನೆಯ ದೋಷಕ್ಕಾಗಿ ಟೀಚರಮ್ಮ ಇಡೀ ಮನೆ ಜಾಲಾಡಿದರೂ ಸಿಗಲಿಲ್ಲವಂತೆ.

"ಬೇರೆ ಮನೆಗಳಲ್ಲಿ ಏನೇನು ಬಚ್ಚಿಟ್ಟಿದಾರೋ ಯಾರಿಗೆ ಗೊತ್ತು?" ಎಂದರು ಟೀಚರಮ್ಮ. "ಈ ಮನೇಲಿ ಬಚ್ಚಿಡೋಕೆ ಇವರು ಏನೂ ಉಳಿಸಿಲ್ಲ. ಸಹಿ ಹಾಕಿ."

ಮಿತ್ರರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಸಹಿ ಹಾಕಿದರು. ನಾನೂ ಹಾಕಿದೆ.

ಹೊರಗೆ ಬಂದ ಮೇಲೆ ಬ್ರೋಕರಮ್ಮನನ್ನು ತಡೆದು, ನನ್ನ ಅರವತ್ತು ಪುಟದ ವರದಿ ಏನಾಯಿತು, ಆ ಖಾಲಿ ಮನೆ ಎಷ್ಟಕ್ಕೆ ಹೋಯಿತು ಎಂದು ವಿಚಾರಿಸಿದೆ. ಅದು ಮಾರಾಟಕ್ಕಿರಲೇ ಇಲ್ಲ ಸರ್, ನಮ್ಮ ಅಕ್ಕ ಪರವೂರಿನಲ್ಲಿದ್ದಾಳೆ, ಇದು ಅವಳ ಮನೆ, ವಾರಕ್ಕೆರಡು ಸಲ ಯಾರಾದರೂ ಕಿಟಕಿ ತೆರೆದು ಗಾಳಿಯಾಡಿಸಬೇಕಿತ್ತು ಎಂದಳು. ವಿನಯ ಮಾತ್ರ ಮೊದಲಿನಷ್ಟೇ ಇತ್ತು.

ಆಟೋದಲ್ಲಿ ಬರುವಾಗ ನನಗೆ ಮೆಲ್ಲಗೆ ಧೈರ್ಯ ಮರಳಿತು. ಯೋಚಿಸಿ ನೋಡಿದರೆ ಗೆದ್ದದ್ದು ನನ್ನ ಸತ್ಯವೇ ಅಲ್ಲವೇ?

"ಹಾಗಾದ್ರೆ ಮನೆ ಮಾರಿದ್ದು ನಾನೇ ಅಂದಂಗಾಯ್ತು, ನೋಡು," ಎಂದೆ.

"ಹೌದ್ರೀ, ನೀವೇ," ಎಂದಳು ಅವಳು, ಎರಡು ತಿಂಗಳಲ್ಲಿ ನಾನು ಕಾಣದಿದ್ದ ಪ್ರೀತಿಯಿಂದ. "ಮನೇಲಿ ಇಲ್ಲದೇ ಇದ್ದು ಮಾರಿದ್ರಿ."

ಆಮೇಲೆ ಮೊಬೈಲು ತೆಗೆದು ಬ್ರೋಕರಮ್ಮನಿಗೆ ಫೋನ್ ಮಾಡಿದಳು. ಹೊಸ ಮನೆಗೆ ಸಾಮಾನು ಸಾಗಿಸುವ ದಿನ ನನಗೆಲ್ಲಾದರೂ ಒಂದು ಜವಾಬ್ದಾರಿ ಸಿಗುತ್ತದೆಯೇ ಎಂದು ಕೇಳುತ್ತಿದ್ದಳು.