ರೈಲಿಲ್ಲದ ಊರಿನ ರೈಲು ಡ್ರೈವರನ ಕನ್ನಡಕ

ಕೆಲವರಿಗೆ ಧನಯೋಗ ಇರುತ್ತದೆ, ಕೆಲವರಿಗೆ ವಿದೇಶಯೋಗ. ನನಗಿರುವುದು ನಗೆಪಾಟಲಾಗುವ ಯೋಗ. ತಪ್ಪಿಸಿಕೊಳ್ಳಲು ಹೋದಷ್ಟೂ ಅದು ಬೆನ್ನು ಹತ್ತಿ ಬರುತ್ತದೆ. ಎಪ್ಪತ್ತರ ದಶಕದ ಒಂದು ಕೃಷ್ಣಾಷ್ಟಮಿಯ ಕಥೆಯನ್ನೇ ಕೇಳಿ.

೧. ಹರಕೆ ಅಮ್ಮನದು, ಮೈ ನನ್ನದು

ಮಣಿಪಾಲದ ಒಂದು ಆಫೀಸಿನ ಕೌಂಟರಿನಲ್ಲಿ ನನಗೆ ಕೆಲಸ ಸಿಕ್ಕಿದ ಮೇಲೆ ಅಮ್ಮ ಮೆಲ್ಲನೆ ಬಾಯಿ ಬಿಟ್ಟಳು. "ನಿನಗೆ ಕೆಲಸವಾದರೆ ಅಷ್ಟಮಿಗೆ ಉಡುಪಿಯಲ್ಲಿ ವೇಷ ಹಾಕಿಸುತ್ತೇನೆ ಅಂತ ಹರಕೆ ಹೇಳಿದ್ದೆ."

"ಹೇಳಿದ್ದು ನೀನು, ನೀನೇ ಹಾಕು."

"ಕೆಲಸ ಸಿಕ್ಕಿದ್ದು ನನಗಾ?"

ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಮ್ಮ ಮ್ಯಾನೇಜರರು ನಕ್ಕದ್ದನ್ನು ಕಂಡವರಿಲ್ಲ. ಬೀದಿಯಲ್ಲಿ ಕುಣಿಯುವ ಗುಮಾಸ್ತನನ್ನು ಅವರು ಖಾಯಂ ಮಾಡುವುದುಂಟೇ? ಎರಡು ದಿನ ಮೊದಲೇ ಕೆಂಗಣ್ಣು ಬಂದಿದೆ ಎಂದು ಹೇಳಿ ಕಳಿಸಿದೆ. ನೋಡಿದರೇ ಅಂಟುತ್ತದೆಂದು ಜನ ಹೆದರುವ ಕಾಯಿಲೆ; ಕೆಂಗಣ್ಣಿನವನಿಗೆ ಯಾವ ಆಫೀಸೂ ಬಾ ಎನ್ನುವುದಿಲ್ಲ. ಇನ್ನು ಮುಖ ಮುಚ್ಚುವ ವೇಷ ಬೇಕು. ಉಗಿಬಂಡಿಯ ಡ್ರೈವರನಾಗುವುದು, ಅರ್ಧ ಮುಖ ನುಂಗುವ ಕನ್ನಡಕ ಹಾಕುವುದು ಎಂದು ತೀರ್ಮಾನಿಸಿದೆ.

೨. ಉಪ್ಪಿನಕಾಯಿಯ ಪ್ರಭಾವ

ಕಾಪುವಿನ ನಮ್ಮ ಮನೆಯ ಜಗಲಿಯೇ ಕಾರ್ಖಾನೆ. ಉಪ್ಪಿನಕಾಯಿ ಬಾಟಲಿಗಳ ಎರಡು ಮುಚ್ಚಳ ಕೊರೆದು, ಒಳಗೆ ನೀಲಿ ಜಿಲೆಟಿನ್ ಕಾಗದ ಅಂಟಿಸಿ, ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದೆ. ಶೋಭೆಗೆ ಸ್ಟೌವಿನ ಹಿತ್ತಾಳೆ ಬರ್ನರನ್ನು ನಡುವೆ ಕೂರಿಸಿದೆ. ಅಮ್ಮನಿಗೆ ಆ ದಿನ ಚಹಾ ಇಲ್ಲ.

ಹಾಕಿ ನೋಡಿದೆ. ಮುಚ್ಚಳದ ಅಂಚಿನಲ್ಲಿ ಉಳಿದಿದ್ದ ಮೆಣಸಿನ ಖಾರ ಕಣ್ಣಿಗೆ ಹೋಗಿ ನಾನು ಅಂಗಳವಿಡೀ ಹಾರಾಡಿದೆ. ಕಣ್ಣು ಕೆಂಡದಂತಾಯಿತು.

ಅಮ್ಮ ನೀರು ಎರಚುತ್ತಾ ಹೇಳಿದಳು, "ಕೃಷ್ಣ ದೇವರು ಎಷ್ಟು ಒಳ್ಳೆಯವರು ನೋಡು. ನಿನ್ನ ಸುಳ್ಳು ರಜೆಯನ್ನು ಸತ್ಯ ಮಾಡಿಕೊಟ್ಟರು."

೩. ಬಸ್ಸಿನಲ್ಲಿ ರಾಜಮರ್ಯಾದೆ

ಕಣ್ಣನ್ನೂ ಮುಚ್ಚಳವನ್ನೂ ತೊಳೆದು ತೊಳೆದು ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದ ಬೆಳಿಗ್ಗೆಗೆ ಎಲ್ಲ ಸರಿಯಾಯಿತು. ಚೀಲದಲ್ಲಿಟ್ಟರೆ ಜಜ್ಜಿಹೋದೀತೆಂದು ಕನ್ನಡಕ ಹಾಕಿಕೊಂಡೇ ಬಸ್ಸು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ.

"ಕೆಂಗಣ್ಣು!" ಎಂದರು ಯಾರೋ, ನನ್ನ ಕನ್ನಡಕ ಕಂಡು.

ಮೂರು ಜನರ ಸೀಟು ತಕ್ಷಣ ಖಾಲಿ. ಕಂಡಕ್ಟರ್ ಮೇಲೆ ಬಸ್ಸಿನ ಮಾಡು ನೋಡುತ್ತಾ ದೂರದಿಂದಲೇ ಟಿಕೇಟು ಚಾಚಿದ. ಉಡುಪಿಯವರೆಗೆ ಕಾಲು ಚಾಚಿ ಕೂತೆ.

ಇಳಿಯುವಾಗ, ದಾರಿಯಿಡೀ ನಿಂತೇ ಬಂದಿದ್ದ ಒಬ್ಬರು ಮುಖ ತಿರುಗಿಸಿಕೊಂಡೇ ಕೇಳಿದರು, "ಈ ಕನ್ನಡಕ ಎಲ್ಲಿ ಸಿಗುತ್ತದೆ ಮಾರಾಯ್ರೆ? ನನಗೆ ದಿನಾ ಕಾರ್ಕಳಕ್ಕೆ ಹೋಗಲಿಕ್ಕುಂಟು."

೪. ಹುಲಿಯ ವಿಚಾರಣೆ

ಉಡುಪಿಯ ಪೇಟೆ ತುಂಬಾ ವೇಷಗಳು. ನೀಲಿ ಕಾಗದದೊಳಗಿಂದ ನನಗೆ ಮನುಷ್ಯ ಯಾರು, ಕಂಬ ಯಾವುದು ಎಂದೂ ತಿಳಿಯುತ್ತಿರಲಿಲ್ಲ. ನನಗೇ ಯಾರೂ ಕಾಣದ ಮೇಲೆ ಯಾರಿಗೂ ನಾನು ಗುರುತು ಸಿಗಲಿಕ್ಕಿಲ್ಲ ಎಂಬ ಧೈರ್ಯ. ಅಂಗಡಿಯಿಂದ ಅಂಗಡಿಗೆ "ಕೂ... ಛುಕ್ ಛುಕ್" ಎನ್ನುತ್ತಾ ಓಡಿದೆ. ಉಡುಪಿಗೆ ಆಗ ರೈಲೇ ಇರಲಿಲ್ಲ. ಹಾಗಾಗಿ ಹೋದಲ್ಲೆಲ್ಲ ಒಂದೇ ಪ್ರಶ್ನೆ.

ಬಟ್ಟೆ ಅಂಗಡಿಯವರೂ ಕೇಳಿದರು, "ಡ್ರೈವರ್ರೇ, ನಮ್ಮ ಊರಿಗೆ ರೈಲು ಯಾವಾಗ?"

ಕೌಂಟರಿನಲ್ಲಿ ದಿನವಿಡೀ ಹೇಳಿ ಅಭ್ಯಾಸವಾದ ಬಾಯಿ. ಕೇಳಿದ ತಕ್ಷಣ ಹೇಳಿಬಿಟ್ಟಿತು, "ನಾಳೆ ಬನ್ನಿ, ಮ್ಯಾನೇಜರ್ ಸೀಟಿನಲ್ಲಿಲ್ಲ."

ಪಕ್ಕದಲ್ಲಿ ಕುಣಿಯುತ್ತಿದ್ದ ಒಂದು ದಪ್ಪ ಹುಲಿವೇಷ ಗಕ್ಕನೆ ನಿಂತಿತು. ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕನ್ನಡಕದ ಹತ್ತಿರ ಮೂತಿ ತಂದು ಮೆಲ್ಲನೆ ಕೇಳಿತು, "ಕೆಂಗಣ್ಣು ಹೇಗುಂಟು ಈಗ?"

ನಮ್ಮ ಮ್ಯಾನೇಜರರ ದನಿ! ಹೋಯಿತು ಕೆಲಸ ಎಂದುಕೊಂಡೆ. ಕೈ ತನ್ನಿಂದ ತಾನೇ ಮುಗಿಯಿತು. "ನಮಸ್ಕಾರ ಸರ್" ಎಂದೆ. ಹುಲಿಗೆ ಸರ್ ಎಂದ ಡ್ರೈವರನನ್ನು ಕಂಡು ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು.

ಆಗ ನೆನಪಾಯಿತು. ಇವತ್ತು ಮಂಗಳೂರಿನಲ್ಲಿ ಭಾರೀ ಮುಖ್ಯವಾದ ಮೀಟಿಂಗ್ ಉಂಟು ಎಂದು ಈ ಮಹಾನುಭಾವರು ಹೋದ ವಾರವೇ ನಮಗೆಲ್ಲ ಹೇಳಿದ್ದರು. ಅವರ ತಾಯಿಯೂ ಹರಕೆ ಹೇಳಿದ್ದಿರಬೇಕು.

ಎಲ್ಲಿಂದ ಧೈರ್ಯ ಬಂತೋ, ವಿನಯದಿಂದಲೇ ಕೇಳಿದೆ, "ಮಂಗಳೂರಿನ ಮೀಟಿಂಗ್ ಮುಗಿಯಿತಾ ಸರ್?"

ಹುಲಿ ತಾಸೆ ಬಾರಿಸುವವರ ಕಡೆ ತಿರುಗಿ ಬೊಬ್ಬೆ ಹಾಕಿತು, "ಎಂತ ನೋಡುವುದು? ಜೋರಾಗಿ ಬಾರಿಸಿ ಮಾರಾಯ್ರೆ, ನನಗೆ ಒಂದೂ ಕೇಳಬಾರದು!"