ದಾರಿಯಲ್ಲಿ ಕೈ ಕೊಟ್ಟವರು

ಬಸ್ಸು ಓಡುತ್ತಿದ್ದರೆ ಜನ ಎಂಥವರೆಂದು ತಿಳಿಯುವುದಿಲ್ಲ, ನಿಂತರೆ ತಿಳಿಯುತ್ತದೆ. ಯುದ್ಧದ ಕಾಲದಲ್ಲಿ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡಿಸುತ್ತಿದ್ದ ಬಸ್ಸಿಗೆ ನಾನು ಕಂಡಕ್ಟರು. ಅದು ನಿಲ್ಲದ ದಿನವೇ ಇರಲಿಲ್ಲ.

ಶಾಂತಿಗ್ರಾಮದ ಏರು

ಏರಿನಲ್ಲಿ ಬಸ್ಸು ನಿಂತಿತು. "ಇಳಿದು ಒಂದು ಕೈ ಹಾಕ್ರಪ್ಪಾ" ಎಂದೆ. ಬಸ್ಸು ತುಂಬ ಇದ್ದ ಜನ ಪಾಪ ಒಬ್ಬರೂ ಇಲ್ಲವೆನ್ನದೆ ಹಿಂದೆ ನಿಂತು ಕೈ ಹಾಕಿದರು. "ಐಸಾ!" ಎಂದು ಕೂಗಿದೆ. ಎಲ್ಲರ ಮುಖವೂ ಕೆಂಪಾಯಿತು. ಬಸ್ಸು ಅಲ್ಲಾಡಲಿಲ್ಲ. ಬೇಸತ್ತು ಎಲ್ಲರನ್ನೂ ಪಕ್ಕಕ್ಕೆ ನಿಲ್ಲಿಸಿ, ಗಟ್ಟಿಮುಟ್ಟಾದ ಇಬ್ಬರನ್ನು ಮಾತ್ರ ತಳ್ಳಲು ಬಿಟ್ಟೆ. ಬಸ್ಸು ಸಲೀಸಾಗಿ ಏರು ಹತ್ತಿತು!

ಅವರಲ್ಲೊಬ್ಬನನ್ನು ಕೇಳಿದೆ: "ಅಷ್ಟು ಜನ ಇದ್ದಾಗ ಯಾಕ್ಲಾ ತಳ್ಳಲಿಲ್ಲ?"

"ತಳ್ಳಾಕೆ ಅವ್ರೆಲ್ಲಾ ಇದ್ರಲ್ಲ ಸಾ. ನಾನು ಬರೀ ತಿಣುಕ್ತಾ ಇದ್ದೆ."

ಹಾಸನದ ಮೋಟಾರು ಸ್ಟ್ಯಾಂಡು

ಕೊರವಂಗಲದ ರೈತನೊಬ್ಬ ಮರದಡಿ ಅಂಗಾತ ಮಲಗಿದ್ದ. ಯಾರೂ ತಿರುಗಿ ನೋಡಿರಲಿಲ್ಲ. ಅಷ್ಟರಲ್ಲಿ ಕೋಟು, ಪೇಟದ ಯಜಮಾನರೊಬ್ಬರು ಅವನ ತಲೆಯ ಹತ್ತಿರ ಬಗ್ಗಿದರು. ಅಷ್ಟೇ! ಸ್ಟ್ಯಾಂಡಿಗೆ ಸ್ಟ್ಯಾಂಡೇ ಓಡಿಬಂತು. ಮೂರ್ಛೆಯೆಂದು ಒಬ್ಬ ಕೈಗೆ ಬೀಗದ ಕೈ ತುರುಕಿದ, ಒಬ್ಬ ಮೂಗಿಗೆ ಈರುಳ್ಳಿ ಹಿಡಿದ, ಒಬ್ಬ ಮುಖಕ್ಕೆ ಸೋಡಾ ಚೆಲ್ಲಿದ.

"ನಂಗೇನೂ ಆಗಿಲ್ಲ ಕಣ್ರೋ, ನಿದ್ದೆ ಮಾಡ್ತಿದ್ದೆ!" ಎಂದು ಅವನು ಕಿರುಚಿಕೊಂಡ.

"ಏನೇನೋ ಬಡಬಡಿಸ್ತಾವ್ನೆ, ಇನ್ನೂ ಬಿಗಿಯಾಗಿ ಇಡ್ಕಳಿ!"

ಯಜಮಾನರನ್ನು ಆಚೆಗೆ ಕರೆದು, "ಅವನಿಗೆ ಏನಾಗಿದೆ ಸ್ವಾಮಿ?" ಎಂದೆ.

"ನನಗೇನು ಗೊತ್ತಯ್ಯ? ನನ್ನ ನಶ್ಯದ ಡಬ್ಬಿ ಬಿದ್ದಿತ್ತು, ಎತ್ತಿಕೊಂಡೆ."

ಅರಕಲಗೂಡಿನ ಕೆಸರು

ಅರಕಲಗೂಡಿನಲ್ಲಿ ಬಸ್ಸು ಎಮ್ಮೆ ಹೊರಳುವ ಗುಂಡಿಯ ಪಕ್ಕ ನಿಂತಿತು. ಚನ್ನರಾಯಪಟ್ಟಣದ ಯುವಕನೊಬ್ಬ ಅವಸರದಲ್ಲಿ ಇಳಿದವನು ನೇರ ಅದಕ್ಕೇ ಇಳಿದ. ಸೊಂಟದವರೆಗೆ ಕೆಸರು, ಒದ್ದಾಡಿದಷ್ಟೂ ಹೂತುಕೊಳ್ಳುತ್ತಿದ್ದ. ನಾನು ಬಸ್ಸಿನ ನೆತ್ತಿಯ ಮೇಲೆ ಮೂಟೆ ಬಿಚ್ಚುತ್ತಿದ್ದೆ.

ದಡದಲ್ಲಿ ಜನ ಸೇರಿದರು. ಒಬ್ಬ ದಪ್ಪ ಮೀಸೆಯವನು ಕೈ ನೀಡಿ, ತಡೆದು ಕೇಳಿದ: "ಈ ಊರಲ್ಲಿ ಯಾರ ಪೈಕಿ ನೀನು?"

"ಯಾರ ಪೈಕೀನೂ ಅಲ್ಲ."

ಕೈ ಹಿಂದಕ್ಕೆ ಹೋಯಿತು. ಯುವಕ ಗಾಬರಿಯಿಂದ ಕೂಗಿದ: "ನಾನು ಹೊಳೆನರಸೀಪುರದ ಎಣ್ಣೆ ಅಂಗಡಿಯೋರ ಅಳಿಯ!"

"ಅಯ್ಯೋ, ನಮ್ಮ ಅತ್ತೆ ಕಡೆಯೋರು ಕಣ್ರಲಾ!" ಎಂದು ಮೀಸೆಯವನು ಅವನ ಎರಡೂ ಕೈ ಹಿಡಿದು ಮೊಣಕಾಲು ಕಾಣುವವರೆಗೆ ಎಳೆದ. ಅಲ್ಲಿಗೆ ನಿಲ್ಲಿಸಿದ. "ಮದುವೆ ಯಾವಾಗ ಆಯ್ತು?"

"ಹೋದ ವೈಶಾಖದಲ್ಲಿ."

"ನನ್ನ ಕರೀಲೇ ಇಲ್ವಲ್ಲಯ್ಯಾ!" ಎಂದವನೇ ಕೈ ಬಿಟ್ಟುಬಿಟ್ಟ.

ಈಗ ಎದೆಯವರೆಗೆ ಕೆಸರು. "ನಂಗೆ ಮದುವೇನೇ ಆಗಿಲ್ಲ ಕಣ್ರಪ್ಪೋ! ಸುಳ್ಳು ಹೇಳಿದೆ, ಎತ್ರಪ್ಪೋ!" ಎಂದು ಅರಚಿದ.

ನಾನು ಹಗ್ಗ ತೆಗೆದುಕೊಂಡು ಇಳಿಯುವಷ್ಟರಲ್ಲಿ, ಅಲ್ಲಿಯವರೆಗೆ ಕೈಕಟ್ಟಿ ನಿಂತಿದ್ದ ಹಿರಿಯರೆಲ್ಲ ಪಂಚೆ ಎತ್ತಿ ಕಟ್ಟಿ ಧುಮುಕಿದ್ದರು. ನಾಲ್ಕೂ ಕಡೆಯಿಂದ ಅವನನ್ನು ಹೂವಿನಂತೆ ಎತ್ತಿ ದಡದಲ್ಲಿ ಕೂರಿಸಿದರು. ಒಬ್ಬರು ತಮ್ಮ ಜರಿ ಶಲ್ಯದಿಂದಲೇ ಅವನ ಮುಖ ಒರೆಸಿ, ಮೆಲ್ಲಗೆ ಕೇಳಿದರು:

"ಜಾತಕ ಜೊತೇಲಿ ತಂದಿದ್ದೀರಾ?"